ಮುರಕಲ್ಲು, ಬಾಕ್ಸೈಟ್ ಮತ್ತು ವಿದ್ಯುತ್ ವಾಹನ: ಖನಿಜ ಯೋಜನೆಗಳ ನಡುವೆ ಬಾಯಾರಿನ ಪದವು

ಬಾಯಾರು ಮಂಜೇಶ್ವರ ತಾಲೂಕಿನ ಪೈವಳಿಕೆ ಗ್ರಾಮ ಪಂಚಾಯತಿಗೆ ಸೇರಿದ ಗಡಿಗ್ರಾಮ. ರಸ್ತೆ ಹಿಡಿದು ಸ್ವಲ್ಪ ಮುಂದೆ ಹೋದರೆ ಕರ್ನಾಟಕದ ಕನ್ಯಾನ, ಅಲ್ಲಿಂದಾಚೆ ವಿಟ್ಲ. ಇಲ್ಲಿ ಅಡಿಕೆ ತೋಟಗಳು ತಗ್ಗಿನಲ್ಲಿವೆ, ಪದವು ಮೇಲಿದೆ. ಪದವು ಎಂದರೆ ನೆತ್ತಿ ಚಪ್ಪಟೆಯಾದ ಮುರಕಲ್ಲಿನ ಗುಡ್ಡೆ. ಮಳೆಗಾಲದಲ್ಲಿ ಹುಲ್ಲು, ಬೇಸಿಗೆಯಲ್ಲಿ ಬರಿಯ ಕಪ್ಪು ಪಾದೆ. ಮನೆ ಕಟ್ಟಲು ಕಲ್ಲು ಅಲ್ಲಿಂದ, ತೋಟಕ್ಕೆ ನೀರು ಅದರ ಹೊಟ್ಟೆಯಿಂದ.

ವಿದ್ಯುತ್ ಚಾಲಿತ ವಾಹನ, ಬ್ಯಾಟರಿ, ‘ನಿರ್ಣಾಯಕ ಖನಿಜ’ ಎಂಬ ಪದಗಳು ಕಳೆದ ಕೆಲವು ವರ್ಷಗಳಿಂದ ದೆಹಲಿ, ತಿರುವನಂತಪುರ, ಬೆಂಗಳೂರು ಮೂರೂ ಕಡೆಯ ಬಜೆಟ್ ಭಾಷಣಗಳಲ್ಲಿ ಕೇಳಿಬರುತ್ತಿವೆ. ಇದಕ್ಕೂ ಗಡಿನಾಡಿನ ಮುರಕಲ್ಲಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇದೆ. ಒಂದೇ ಗುಡ್ಡೆಯ ಕಲ್ಲನ್ನು ಸರಕಾರ ಯಾವ ಹೆಸರಿನಿಂದ ಕರೆಯುತ್ತದೆ ಎಂಬುದರ ಮೇಲೆ ಅದನ್ನು ಅಗೆಯಲು ಅನುಮತಿ ಕೊಡುವವರು ಯಾರು, ಊರವರನ್ನು ಕೇಳಬೇಕೇ ಬೇಡವೇ ಎಂಬುದು ನಿರ್ಧಾರವಾಗುತ್ತದೆ. ಆದುದರಿಂದ ಈ ಹೆಸರುಗಳನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ.

ಯಾವುದು ನಿರ್ಣಾಯಕ?

ಕೇಂದ್ರ ಗಣಿ ಸಚಿವಾಲಯವು 2023ರ ಜೂನ್‌ನಲ್ಲಿ 30 ಖನಿಜಗಳನ್ನು ನಿರ್ಣಾಯಕ ಎಂದು ಪಟ್ಟಿ ಮಾಡಿತು. ಲಿಥಿಯಂ, ಕೋಬಾಲ್ಟ್, ನಿಕ್ಕೆಲ್, ಗ್ರಾಫೈಟ್, ತಾಮ್ರ, ಟೈಟಾನಿಯಂ, ಗ್ಯಾಲಿಯಂ, ವನೇಡಿಯಂ ಹಾಗೂ ರೇರ್ ಅರ್ತ್ ಎಂದು ಕರೆಯಲಾಗುವ ವಿರಳ ಲೋಹಗಳು ಅದರಲ್ಲಿವೆ. ದೇಶಕ್ಕೆ ಬೇಕೇ ಬೇಕು, ಆದರೆ ಹೊರಗಿನ ಒಂದೆರಡು ದೇಶಗಳು ಕೈ ಬಿಗಿ ಮಾಡಿದರೆ ಸಿಗುವುದಿಲ್ಲ ಎಂಬಂಥವು ಇವು. 2023ರ ಆಗಸ್ಟ್‌ನಲ್ಲಿ ಚೀನಾ ಗ್ಯಾಲಿಯಂ ರಫ್ತಿಗೆ ಪರವಾನಿಗೆ ಕಡ್ಡಾಯ ಮಾಡಿತು. 2025ರ ಏಪ್ರಿಲ್‌ನಲ್ಲಿ ಏಳು ವಿರಳ ಲೋಹಗಳ ಮೇಲೂ ಅದೇ ನಿಯಮ ಬಂತು. ವಿದ್ಯುತ್ ವಾಹನದ ಮೋಟಾರಿನೊಳಗಿನ ಮ್ಯಾಗ್ನೆಟ್‌ಗೆ ವಿರಳ ಲೋಹಗಳು ಬೇಕು. ಆ ವರ್ಷ ಭಾರತದ ಕೆಲವು ವಾಹನ ಕಾರ್ಖಾನೆಗಳು ಮ್ಯಾಗ್ನೆಟ್ ಇಲ್ಲದೆ ಪರದಾಡಿದವು.

ಈ ನಡುವೆ 2025ರ ಜನವರಿಯಲ್ಲಿ ಕೇಂದ್ರ ಸಂಪುಟ 16,300 ಕೋಟಿ ರೂಪಾಯಿಗಳ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ಕೊಟ್ಟಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಮ್ಯಾಗ್ನೆಟ್ ತಯಾರಿಕೆಗೆ 7,280 ಕೋಟಿ ರೂಪಾಯಿಗಳ ಪ್ರತ್ಯೇಕ ಯೋಜನೆ ಬಂತು. 2026ರ ಫೆಬ್ರವರಿಯ ಕೇಂದ್ರ ಬಜೆಟ್ ಒಡಿಶಾ, ಆಂಧ್ರಪ್ರದೇಶ, ತಮಿಳುನಾಡುಗಳೊಂದಿಗೆ ಕೇರಳದಲ್ಲೂ ವಿರಳ ಲೋಹಗಳ ಕಾರಿಡಾರ್ ನಿರ್ಮಿಸಲು ನೆರವು ನೀಡುವುದಾಗಿ ಘೋಷಿಸಿತು.

ಕೇರಳದಲ್ಲಿ ವಿರಳ ಲೋಹ ಎಂದರೆ ಮೊದಲು ನೆನಪಾಗುವುದು ಕೊಲ್ಲಂ ಜಿಲ್ಲೆಯ ಚವರದ ಕಡಲ ಮರಳು. ಅದರಲ್ಲಿರುವ ಮೊನಾಜೈಟ್‌ನಿಂದ ವಿರಳ ಲೋಹ ಬೇರ್ಪಡಿಸುವ ಕಾರ್ಖಾನೆ ಆಲುವದಲ್ಲಿ 1952ರಲ್ಲೇ ಆರಂಭವಾಗಿತ್ತು. ಮೊನಾಜೈಟ್‌ನಲ್ಲಿ ಥೋರಿಯಂ ಇರುವುದರಿಂದ ಅದು ಅಣು ಖನಿಜ. ಖಾಸಗಿಯವರಿಗೆ ಅಲ್ಲಿ ಪ್ರವೇಶವಿಲ್ಲ. ಅಂದರೆ ಕಾರಿಡಾರ್ ಎಂಬ ಮಾತು ಮುಖ್ಯವಾಗಿ ದಕ್ಷಿಣ ಕೇರಳದ ಕಡಲ ಕರೆಗೆ ಸಂಬಂಧಿಸಿದ್ದು. ಕಾಸರಗೋಡಿನ ವಿಷಯ ಬೇರೆ. ಇಲ್ಲಿರುವುದು ಮುರಕಲ್ಲು, ಮತ್ತು ಅದರೊಳಗಿನ ಬಾಕ್ಸೈಟ್.

ಪದವಿನ ಕಲ್ಲು

ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಕೇರಳದಿಂದ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಜನರು ನೆಲದಿಂದ ಇಟ್ಟಿಗೆಯಂತೆ ಕಲ್ಲು ಕಡಿದು ತೆಗೆಯುವುದನ್ನು ಕಂಡ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಪದವನ್ನೇ ಆಧರಿಸಿ 1807ರ ತನ್ನ ಪುಸ್ತಕದಲ್ಲಿ ಆ ಹೆಸರು ಕೊಟ್ಟ. ನಮ್ಮವರು ಅದನ್ನು ಮುರಕಲ್ಲು, ಕೆಂಪುಕಲ್ಲು ಎಂದರು. ಮಲಯಾಳದಲ್ಲಿ ಚೆಂಗಲ್ಲ್, ವೆಟ್ಟುಕಲ್ಲ್.

ಲಕ್ಷಾಂತರ ವರ್ಷ ಮಳೆ ಸುರಿದು, ಬಿಸಿಲು ಬಿದ್ದು ಬಂಡೆಯೊಳಗಿನ ಸಿಲಿಕ ತೊಳೆದುಹೋದಾಗ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಅಂಶಗಳು ಉಳಿದು ಗಟ್ಟಿಯಾಗುತ್ತವೆ. ಕಬ್ಬಿಣ ಹೆಚ್ಚಾದರೆ ಕಡುಗೆಂಪು ಮುರಕಲ್ಲು. ಅಲ್ಯೂಮಿನಿಯಂ ಹೆಚ್ಚಾಗಿ ಸಿಲಿಕ ಕಡಿಮೆಯಾದರೆ ಅದೇ ಬಾಕ್ಸೈಟ್. ಬಣ್ಣ ತುಸು ಮಾಸಲು, ಕೆಲವೆಡೆ ನಸುಗುಲಾಬಿ. ಎರಡರ ನಡುವೆ ಗೆರೆ ಎಳೆದ ಹಾಗೆ ಗಡಿ ಇಲ್ಲ. ಒಂದೇ ಪದವಿನ ಒಂದು ತುದಿಯಲ್ಲಿ ಕಟ್ಟಡದ ಕಲ್ಲು, ಇನ್ನೊಂದು ತುದಿಯಲ್ಲಿ ಅದಿರು ಇರಬಹುದು.

ಕಾಸರಗೋಡು ಜಿಲ್ಲೆಯಲ್ಲಿ ಬಾಕ್ಸೈಟ್ ಇದೆ ಎಂಬುದು ಹೊಸ ಸಂಗತಿಯಲ್ಲ. ನೀಲೇಶ್ವರ, ಕಾಞಂಗಾಡು ಪರಿಸರದ ನಿಕ್ಷೇಪಗಳ ಬಗ್ಗೆ ಭೂವಿಜ್ಞಾನಿಗಳು ದಶಕಗಳಿಂದ ಬರೆದಿದ್ದಾರೆ. ಬಾಯಾರಿಗೆ ಹತ್ತಿರದ ಸುದ್ದಿ 2023ರದ್ದು. ಮುಳ್ಳೇರಿಯ ಸಮೀಪದ ಕಾರಡ್ಕ ರಕ್ಷಿತಾರಣ್ಯದ ನಾರ್ಲಂ ಮತ್ತು ಬದಿಯಡ್ಕದಾಚೆಯ ಉಕ್ಕಿನಡ್ಕ ಪರಿಸರದಲ್ಲಿ ಬಾಕ್ಸೈಟ್ ಪತ್ತೆಯಾಗಿರುವುದಾಗಿಯೂ ಅದನ್ನು ಹರಾಜಿಗೆ ತರುವ ಆಲೋಚನೆ ಇರುವುದಾಗಿಯೂ ಆಗ ವರದಿಯಾಯಿತು. ಒಂದು ಕಡೆ ಕಾಡು. ಇನ್ನೊಂದು ಕಡೆ ಜಿಲ್ಲೆಯ ಜನ ವರ್ಷಗಟ್ಟಲೆ ಕಾದು ಕುಳಿತ ಸರಕಾರಿ ಮೆಡಿಕಲ್ ಕಾಲೇಜಿನ ಊರು.

ಜಿಲ್ಲೆಯ ದಕ್ಷಿಣ ಭಾಗದಲ್ಲಿ ಇದಕ್ಕಿಂತ ಹಳೆಯ ಅನುಭವವೊಂದಿದೆ. ಕಿನಾನೂರು-ಕರಿಂದಳಂ ಪಂಚಾಯತಿನ ಕಡಲಾಡಿಪ್ಪಾರದಲ್ಲಿ ಖಾಸಗಿ ಕಂಪನಿಯೊಂದರ ಬಾಕ್ಸೈಟ್ ಗಣಿ ಯೋಜನೆ ಊರವರ ಪ್ರಬಲ ವಿರೋಧದಿಂದ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. ವಿರೋಧಿಸಿದವರ ಮುಖ್ಯ ಮಾತು ಒಂದೇ ಆಗಿತ್ತು: ಪಾರೆ ಹೋದರೆ ನೀರು ಹೋಗುತ್ತದೆ.

ಆ ಮಾತಿನ ಅರ್ಥ ಬಾಯಾರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುರಕಲ್ಲು ಸ್ಪಂಜಿನಂತೆ, ಆಟಿ ತಿಂಗಳ ಮಳೆ ಅದರ ತೂತುಗಳಲ್ಲಿ ಇಳಿಯುತ್ತದೆ. ಅದರಡಿಯ ಶೇಡಿಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹಾಗೆ ನಿಂತ ನೀರನ್ನು ತಲಪಲು ನಮ್ಮ ಹಿರಿಯರು ಗುಡ್ಡೆಯ ಬದಿಯಿಂದ ಅಡ್ಡಲಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ನುಸುಳುವಷ್ಟು ಅಗಲ, ಕೈಯಲ್ಲಿ ಪಿಕ್ಕಾಸು, ಬೆಳಕಿಗೆ ಮೊಂಬತ್ತಿ, ಉದ್ದದ ಲೆಕ್ಕ ಕೋಲಿನಲ್ಲಿ. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಕೆರೆ ಸೇರುತ್ತದೆ. ಬಾಯಾರು ಮತ್ತು ಗಡಿಯಾಚೆಯ ಮಾಣಿಲ ಸುರಂಗಗಳಿಗೆ ಹೆಸರಾದ ಊರುಗಳು. ಇವನ್ನು ನೋಡಿ ಅಧ್ಯಯನ ಮಾಡಲು ವಿದೇಶದ ವಿದ್ವಾಂಸರೂ ಬಂದಿದ್ದಾರೆ. ಕೇರಳದ 44 ನದಿಗಳಲ್ಲಿ 12 ಕಾಸರಗೋಡು ಜಿಲ್ಲೆಯಲ್ಲೇ ಇವೆ ಎಂಬುದು ಹೆಮ್ಮೆಯ ಲೆಕ್ಕವೇನೋ ಹೌದು. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ತೋಟ ಉಳಿಸುವುದು ನದಿಯಲ್ಲ, ಗುಡ್ಡೆಯೊಳಗಿನ ಈ ನೀರು. ಬಾಕ್ಸೈಟ್ ಇರುವುದು ಪದವಿನ ಮೇಲ್ಪದರದಲ್ಲಿ. ಅದನ್ನು ತೆಗೆಯುವುದೆಂದರೆ ಆ ಸ್ಪಂಜನ್ನೇ ಎತ್ತಿ ಲಾರಿಗೆ ತುಂಬುವುದು.

ಬಾಕ್ಸೈಟ್‌ನಿಂದ ಗ್ಯಾಲಿಯಂ

ಭಾರತದ 30 ಖನಿಜಗಳ ಪಟ್ಟಿಯಲ್ಲಿ ಬಾಕ್ಸೈಟ್ ಇಲ್ಲ. ಯುರೋಪಿಯನ್ ಒಕ್ಕೂಟ 2023ರ ತನ್ನ ಪಟ್ಟಿಯಲ್ಲಿ ಬಾಕ್ಸೈಟ್, ಅಲ್ಯೂಮಿನಿಯಂ ಎರಡನ್ನೂ ಸೇರಿಸಿದೆ. ವಿದ್ಯುತ್ ವಾಹನದಲ್ಲಿ ಬ್ಯಾಟರಿಯ ಭಾರ ಹೆಚ್ಚು. ಅದನ್ನು ಸರಿದೂಗಿಸಲು ಮೈಕಟ್ಟು, ಬ್ಯಾಟರಿ ಪೆಟ್ಟಿಗೆಗಳಿಗೆ ಹಗುರವಾದ ಅಲ್ಯೂಮಿನಿಯಂ ಬೇಕು.

ಭಾರತದ ಪಟ್ಟಿಯಲ್ಲಿರುವುದು ಬಾಕ್ಸೈಟ್‌ನ ಬೆನ್ನಿಗೆ ಅಂಟಿಕೊಂಡು ಬರುವ ಗ್ಯಾಲಿಯಂ ಮತ್ತು ವನೇಡಿಯಂ. ಗ್ಯಾಲಿಯಂಗೆ ಸ್ವಂತ ಗಣಿ ಎಂಬುದಿಲ್ಲ. ಟನ್ ಬಾಕ್ಸೈಟ್‌ನಲ್ಲಿ ಸಾಮಾನ್ಯವಾಗಿ ಐವತ್ತು ಗ್ರಾಂ ಆಸುಪಾಸು ಇರುತ್ತದೆ. ಬಾಕ್ಸೈಟನ್ನು ಕಾಸ್ಟಿಕ್ ಸೋಡದಲ್ಲಿ ಕರಗಿಸಿ ಅಲ್ಯೂಮಿನ ತೆಗೆಯುವಾಗ ಆ ದ್ರಾವಣದಿಂದ ಅದನ್ನು ಬೇರ್ಪಡಿಸಬೇಕು. ಈ ವಿಧಾನ ಕಂಡುಹಿಡಿದವನು ಆಸ್ಟ್ರಿಯದ ಕಾರ್ಲ್ ಜೋಸೆಫ್ ಬಾಯರ್. 1888ರಿಂದ ಇಂದಿನವರೆಗೆ ಲೋಕವೆಲ್ಲ ಅದನ್ನು ಬಾಯರ್ ವಿಧಾನ ಎಂದೇ ಕರೆಯುತ್ತದೆ. ಹೆಸರು ಕೇಳಿ ನಮ್ಮ ಊರಿಗೂ ಅವನಿಗೂ ನಂಟು ಕಲ್ಪಿಸುವುದು ಬೇಡ!

ಒಂದು ಟನ್ ಅಲ್ಯೂಮಿನ ತೆಗೆದರೆ ಹೆಚ್ಚುಕಡಿಮೆ ಅಷ್ಟೇ ತೂಕದ ಕ್ಷಾರಯುಕ್ತ ಕೆಂಪು ರಾಡಿ ಉಳಿಯುತ್ತದೆ. ದೇಶದ ಮೊದಲ ಅಲ್ಯೂಮಿನಿಯಂ 1943ರಲ್ಲಿ ಹೊರಬಂದದ್ದು ಕೇರಳದ ಆಲುವದ ಬಳಿಯ ಆಲುಪುರಂನಲ್ಲಾದರೂ ಬಾಕ್ಸೈಟ್ ಶುದ್ಧೀಕರಿಸುವ ಕಾರ್ಖಾನೆ ಕೇರಳದಲ್ಲಿಲ್ಲ. ಕರ್ನಾಟಕದಲ್ಲಿರುವುದು ದೂರದ ಬೆಳಗಾವಿಯಲ್ಲಿ. ಹಾಗಾಗಿ ಕಾಸರಗೋಡಿನ ಅದಿರಿಗೆ ಬೆಲೆ ಬರುವುದು ಬೇರೆ ಊರಿನಲ್ಲಿ. ಇಲ್ಲಿ ಉಳಿಯುವುದು ಹೊಂಡ ಮತ್ತು ರಾಯಧನದ ಲೆಕ್ಕ. ಯೋಜನೆ ಮಾಡುವವರು ಈ ಅಂತರವನ್ನು ಮೊದಲೇ ಹೇಳಿದರೆ ಒಳ್ಳೆಯದು.

ಹೆಸರು ಬದಲಾದರೆ ಸರಕಾರವೂ ಬದಲು

ಮನೆ ಕಟ್ಟುವ ಮುರಕಲ್ಲು ಕಾನೂನಿನ ಪ್ರಕಾರ ಉಪಖನಿಜ. ಅದರ ಅನುಮತಿ ಕೇರಳದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ, 2015ರ ರಾಜ್ಯ ನಿಯಮಗಳಂತೆ. ಅದೇ ಕಲ್ಲು ಬಾಕ್ಸೈಟ್ ಎಂದಾದರೆ ಪ್ರಧಾನ ಖನಿಜ. ಆಗ 1957ರ ಕೇಂದ್ರ ಗಣಿ ಕಾಯಿದೆ ಅನ್ವಯವಾಗುತ್ತದೆ. 2015ರ ತಿದ್ದುಪಡಿಯ ನಂತರ ಹರಾಜಿನ ಮೂಲಕವೇ ಗುತ್ತಿಗೆ ಕೊಡಬೇಕು. ಹರಾಜು ನಡೆಸುವುದು ರಾಜ್ಯ ಸರಕಾರ.

2023ರ ಆಗಸ್ಟ್‌ನ ತಿದ್ದುಪಡಿ ಇನ್ನೊಂದು ಮೆಟ್ಟಿಲು ಸೇರಿಸಿತು. ಲಿಥಿಯಂ, ಗ್ಯಾಲಿಯಂ, ವನೇಡಿಯಂ, ಟೈಟಾನಿಯಂ ಮೊದಲಾದ 24 ಖನಿಜಗಳ ಗುತ್ತಿಗೆಯ ಹರಾಜು ನಡೆಸುವ ಅಧಿಕಾರ ಕೇಂದ್ರಕ್ಕೆ ಹೋಯಿತು. ಹಣ ರಾಜ್ಯಕ್ಕೇ ಸಲ್ಲುತ್ತದೆ. ತೀರ್ಮಾನ ಮಾತ್ರ ದೆಹಲಿಯಲ್ಲಿ.

ಮುಖ್ಯವಾದ ಬದಲಾವಣೆ 2025ರ ಸೆಪ್ಟೆಂಬರ್‌ನದ್ದು. ಅಣು ಖನಿಜ ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಬೇಡ, ಅವುಗಳ ಪರಿಶೀಲನೆ ಕೇಂದ್ರದಲ್ಲೇ ಎಂದು ಪರಿಸರ ಸಚಿವಾಲಯ ಆದೇಶ ಹೊರಡಿಸಿತು. ದೇಶದ ರಕ್ಷಣೆ, ಆಮದಿನ ಅವಲಂಬನೆ ಕಾರಣ ಎಂದಿತು. ಕಾರಣ ಸುಳ್ಳಲ್ಲ. ಆದರೆ ಪಡ್ರೆ, ಎಣ್ಮಕಜೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಕಂಡ ಜಿಲ್ಲೆಯಲ್ಲಿ, ಊರವರನ್ನು ಕೇಳದೆ ಮಾಡುವ ಕೆಲಸದ ಬಗ್ಗೆ ಸಂಶಯ ಹುಟ್ಟುವುದು ಸಹಜ. ಬಾಕ್ಸೈಟ್ ಪಟ್ಟಿಯ ಹೊರಗಿರುವ ತನಕ ಈ ವಿನಾಯಿತಿ ಬಾಕ್ಸೈಟ್ ಗಣಿಗೆ ತಾನಾಗಿ ಸಿಗುವುದಿಲ್ಲ. ಬಾಕ್ಸೈಟ್ ಗಣಿಯೇ, ಗ್ಯಾಲಿಯಂ ಗಣಿಯೇ ಎಂಬ ಪ್ರಶ್ನೆ ಆದುದರಿಂದ ಬರೇ ರಸಾಯನಶಾಸ್ತ್ರದ್ದಲ್ಲ.

ನೆಲ ನಮ್ಮದು, ನೆಲದಡಿ ಯಾರದು?

2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಮಹತ್ವದ ತೀರ್ಪು ನೀಡಿತು. ಮಲಬಾರಿನ ಜನ್ಮಿ ಭೂಮಿಗಳಲ್ಲಿ ನೆಲದಡಿಯ ಖನಿಜದ ಒಡೆತನ ಭೂಮಾಲಿಕರದ್ದೇ, ಸರಕಾರದ್ದೆಂದು ಹೇಳುವ ಕಾನೂನು ಇಲ್ಲ ಎಂದಿತು. ಇದನ್ನು ಕೇಳಿ ಗಡಿನಾಡಿನಲ್ಲಿ ಕೆಲವರು ‘ನಮ್ಮ ಬಾಕ್ಸೈಟ್ ನಮ್ಮದೇ’ ಎನ್ನುವುದುಂಟು. ಎರಡು ಸಂಗತಿಗಳನ್ನು ಮರೆಯಬಾರದು. ಒಡೆತನ ಇದ್ದರೂ ಗಣಿಗಾರಿಕೆಗೆ ಕೇಂದ್ರ ಕಾಯಿದೆಯ ಅನುಮತಿ ಬೇಕೇ ಬೇಕು. ಎರಡನೆಯದಾಗಿ, 1956ರ ನವೆಂಬರ್ 1ರ ತನಕ ಬಾಯಾರು ಇದ್ದದ್ದು ಮಲಬಾರ್ ಜಿಲ್ಲೆಯಲ್ಲಲ್ಲ, ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನಲ್ಲಿ. ಮಲಬಾರಿನ ಜನ್ಮ ಹಕ್ಕು ಬೇರೆ, ಇಲ್ಲಿನ ವರ್ಗ, ಮೂಲಗೇಣಿಯ ಚರಿತ್ರೆ ಬೇರೆ. ಕುಮ್ಕಿಯ ಸವಲತ್ತು ಸೊಪ್ಪು, ಸೌದೆಗೆ ಸಂಬಂಧಿಸಿದ್ದು, ಅಡಿಯ ಖನಿಜಕ್ಕಲ್ಲ. ಹಳೆಯ ದಾಖಲೆಗಳನ್ನು ಪೆಟ್ಟಿಗೆಯಿಂದ ತೆಗೆದು ವಕೀಲರಿಗೆ ತೋರಿಸದೆ ಈ ವಿಷಯದಲ್ಲಿ ಯಾರ ಬಾಯಿಮಾತನ್ನೂ ನಂಬುವಂತಿಲ್ಲ.

ಘೋಷಣೆಯಿಂದ ಗಣಿಯವರೆಗೆ

‘ನಿಕ್ಷೇಪ ಪತ್ತೆ’ ಎಂಬ ತಲೆಬರಹ ಬಂದ ಮರುದಿನ ಲಾರಿ ಬರುವುದಿಲ್ಲ. ಮಂಡ್ಯ ಜಿಲ್ಲೆಯ ಮರಳಗಾಲದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 2020ರಲ್ಲಿ ಅಲ್ಲಿ 14,100 ಟನ್ ಲಿಥಿಯಂ ಇದೆ ಎಂಬ ಅಂದಾಜು ದೇಶವಿಡೀ ಸುದ್ದಿಯಾಯಿತು. 2021ರಲ್ಲಿ ಕೇಂದ್ರ ಸರಕಾರ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ 1,600 ಟನ್. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಅದಿರು ಇದೆಯೆಂದು 2023ರ ಫೆಬ್ರವರಿಯಲ್ಲಿ ಘೋಷಣೆಯಾಯಿತು. ಸಾಕಷ್ಟು ಬಿಡ್‌ದಾರರು ಬಾರದೆ ಹರಾಜು ರದ್ದಾಯಿತು. ಭೂವಿಜ್ಞಾನಿಗಳು ಶೋಧನೆಯನ್ನು ಜಿ-4ರಿಂದ ಜಿ-1ರ ತನಕ ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಜಿ-4 ಎಂದರೆ ಮೇಲುಮೇಲಿನ ನೋಟ. ಜಿ-1 ಎಂದರೆ ಕೊರೆದು, ಅಳೆದು ಖಚಿತಪಡಿಸಿದ್ದು. ಸುದ್ದಿ ಓದುವಾಗ ಟನ್ನಿನ ಲೆಕ್ಕಕ್ಕಿಂತ ಮೊದಲು ಈ ಹಂತ ನೋಡಬೇಕು. ಭಯ ಪಡುವವರಿಗೂ, ಜಾಗದ ಬೆಲೆ ಏರಿಸುವ ಬ್ರೋಕರುಗಳ ಮಾತಿಗೆ ಮರುಳಾಗುವವರಿಗೂ ಇದು ಅನ್ವಯ.

ಕಾರ್ಖಾನೆ ಯಾರ ಪಾಲಿಗೆ?

ವಿದ್ಯುತ್ ವಾಹನಕ್ಕೆಂದೇ ದೇಶದಲ್ಲಿ ಮೊದಲು ನೀತಿ ತಂದ ರಾಜ್ಯ ಕರ್ನಾಟಕ, 2017ರಲ್ಲಿ. 2025ರ ಫೆಬ್ರವರಿಯಲ್ಲಿ 50,000 ಕೋಟಿ ಹೂಡಿಕೆಯ ಗುರಿಯೊಂದಿಗೆ ಹೊಸ ನೀತಿ ಬಂತು. ಆದರೂ ಬೆಂಗಳೂರಿನಲ್ಲಿ ಹುಟ್ಟಿದ ಏಥರ್ ಕಂಪನಿಯ ಸ್ಕೂಟರ್ ಕಾರ್ಖಾನೆ 2021ರಲ್ಲಿ ಹೊಸೂರಿಗೆ ಹೋಯಿತು. ಓಲಾ ಸ್ಕೂಟರ್‌ನದ್ದು ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಎದ್ದಿತು. ಎರಡೂ ಗಡಿಯಾಚೆ, ತಮಿಳುನಾಡಿನಲ್ಲಿ. ನೀತಿ ಒಂದು ರಾಜ್ಯದ್ದು, ಕೆಲಸ ಪಕ್ಕದ ರಾಜ್ಯಕ್ಕೆ. ಗಡಿನಾಡಿನವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಕೇರಳ 2019ರ ತನ್ನ ನೀತಿಯಲ್ಲಿ 2022ರೊಳಗೆ ಹತ್ತು ಲಕ್ಷ ವಿದ್ಯುತ್ ವಾಹನ ಎಂದಿತು. ಗುರಿ ಹತ್ತಿರಕ್ಕೂ ಬರಲಿಲ್ಲ. ಸಾರ್ವಜನಿಕ ರಂಗದ ಕೇರಳ ಆಟೊಮೊಬೈಲ್ಸ್ ‘ನೀಂ ಜಿ’ ಎಂಬ ಇ-ಆಟೊ ತಯಾರಿಸಿತು, ಅದು ನೇಪಾಳಕ್ಕೂ ಹೋಯಿತು. ಆ ಕಾರ್ಖಾನೆ ಇರುವುದು ನೆಯ್ಯಾಟ್ಟಿಂಕರದಲ್ಲಿ. ಬಾಯಾರಿನಿಂದ ರಾಜ್ಯದ ಇನ್ನೊಂದು ತುದಿ.

ಕಾಸರಗೋಡಿಗೆ ಹತ್ತಿರದ್ದೆಂದರೆ ಬೇದ್ರಡ್ಕದ ಕೆಲ್ ಕಾರ್ಖಾನೆ. ರೈಲು ಬೋಗಿಗಳ ದೀಪ, ಫ್ಯಾನುಗಳಿಗೆ ಬೇಕಾದ ಆಲ್ಟರ್ನೇಟರ್ ತಯಾರಿಸುತ್ತಿದ್ದ ಈ ಘಟಕದ ಶೇ. 51 ಪಾಲು 2011ರಲ್ಲಿ ಭೆಲ್ ಕೈಸೇರಿತು; 2020ರ ಮಾರ್ಚ್‌ನಲ್ಲಿ ಕೆಲಸ ನಿಂತಿತು. ಕಾರ್ಮಿಕರು ಸಂಬಳವಿಲ್ಲದೆ ದಿನ ದೂಡಿದರು. ರಾಜ್ಯ ಸರಕಾರ ಪಾಲನ್ನು ಮರಳಿ ಪಡೆದು 2022ರ ಏಪ್ರಿಲ್ 1ರಂದು ‘ಕೆಲ್-ಇಎಂಎಲ್’ ಹೆಸರಿನಲ್ಲಿ ಪುನಃ ತೆರೆಯಿತು. ತಾಮ್ರದ ತಂತಿ ಸುತ್ತುವುದು, ವಿದ್ಯುತ್ ಯಂತ್ರ ಜೋಡಿಸುವುದು ಅಲ್ಲಿನ ಕೆಲಸಗಾರರ ಕಸುಬು. ವಿದ್ಯುತ್ ವಾಹನದ ಮೋಟಾರಿಗೆ ಬೇಕಾದ ಕೈಗಳೂ ಅಂಥವೇ. ಜಿಲ್ಲೆಗೆ ವಾಹನೋದ್ಯಮದಿಂದ ಉದ್ಯೋಗ ಬರುವುದಾದರೆ ಪದವು ಅಗೆಯುವುದರಿಂದ ಬರುವುದಕ್ಕಿಂತ ಇಂಥ ಘಟಕಗಳಿಂದ ಬರುವುದೇ ಹೆಚ್ಚು ನಂಬತಕ್ಕದ್ದು.

ಪೈವಳಿಕೆಯ ಪದವು ಈಗಾಗಲೇ ಒಂದು ಬಗೆಯಲ್ಲಿ ಹೊಸ ಇಂಧನದ ಲೆಕ್ಕಕ್ಕೆ ಸೇರಿದೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಹರಡಿರುವ 50 ಮೆಗಾವಾಟ್ ಸೌರ ವಿದ್ಯುತ್ ಸ್ಥಾವರವನ್ನು 2021ರ ಫೆಬ್ರವರಿ 19ರಂದು ಪ್ರಧಾನಿ ಉದ್ಘಾಟಿಸಿದರು. ಅಲ್ಲಿ ಪಾದೆಯ ಮೇಲೆ ಕಂಬ ನೆಟ್ಟು ಫಲಕ ಇಟ್ಟಿದ್ದಾರೆ. ಪಾದೆ ಇದ್ದಲ್ಲೇ ಇದೆ. ಹುಲ್ಲುಗಾವಲು ಹೋಯಿತು, ದನ ಮೇಯಿಸುವವರಿಗೆ ಸುತ್ತುದಾರಿಯಾಯಿತು ಎಂಬುದೂ ನಿಜವೇ.

ನೋಟೀಸು ಯಾವ ಭಾಷೆಯಲ್ಲಿ?

ಗಣಿ ಯೋಜನೆಗೆ ಸಾರ್ವಜನಿಕ ಅಹವಾಲು ಬೇಕಾದ ಕಡೆ ಪಾಲಿಸಬೇಕಾದ್ದು 2006ರ ಪರಿಸರ ಪರಿಣಾಮ ಅಧಿಸೂಚನೆ. ಅದರ ಪ್ರಕಾರ ಅಹವಾಲಿಗೆ ಕನಿಷ್ಠ 30 ದಿನ ಮುಂಚಿತವಾಗಿ ಪತ್ರಿಕೆಗಳಲ್ಲಿ ನೋಟೀಸು ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಪಂಚಾಯತು ಮೊದಲಾದ ಕಡೆ ನೋಡಲು ಸಿಗಬೇಕು. ಸಭೆ ನಡೆಸಬೇಕಾದವರು ಜಿಲ್ಲಾಧಿಕಾರಿ ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿ ದರ್ಜೆಗಿಂತ ಕೆಳಗಲ್ಲದ ಪ್ರತಿನಿಧಿ. ನಡಾವಳಿಯ ವಿಡಿಯೋ ಚಿತ್ರೀಕರಣ ಆಗಬೇಕು. ಲಿಖಿತ ಆಕ್ಷೇಪವನ್ನು ಸಭೆಗೆ ಹೋಗದೆಯೂ ಕಳುಹಿಸಬಹುದು.

ವರದಿಯ ಸಾರಾಂಶ ಇಂಗ್ಲಿಷಿನಲ್ಲೂ, ‘ರಾಜ್ಯದ ಅಧಿಕೃತ ಭಾಷೆ/ಸ್ಥಳೀಯ ಭಾಷೆ’ಯಲ್ಲೂ ಇರಬೇಕೆಂದು ಆ ಅಧಿಸೂಚನೆ ಹೇಳುತ್ತದೆ. ನಡುವೆ ಒಂದು ಓರೆಗೆರೆ. ಬೇರೆ ಹೆಚ್ಚಿನ ಕಡೆಗಳಲ್ಲಿ ಆ ಗೆರೆಯ ಎರಡೂ ಬದಿಗೆ ಒಂದೇ ಭಾಷೆ. ಮಂಜೇಶ್ವರ ತಾಲೂಕಿನಲ್ಲಿ ಎರಡು. ಮಲಯಾಳ ಓದಲು ಬರುವ ಮಕ್ಕಳಿದ್ದಾರೆ ನಿಜ. ಆದರೆ ತೋಟ, ಸುರಂಗ, ಜಾಗದ ಕಾಗದ ಕೈಯಲ್ಲಿರುವ ಹಿರಿಯರಲ್ಲಿ ಹಲವರು ಕಲಿತದ್ದು ಕನ್ನಡ ಶಾಲೆಯಲ್ಲಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ಪತ್ರ ವ್ಯವಹಾರ ಮಾಡುವ ಅವಕಾಶ ಕೊಟ್ಟಿತು. ಸಾರಾಂಶದ ಕನ್ನಡ ಪ್ರತಿ ಬೇಕೆಂದು ಕೇಳುವುದಾದರೆ ಆ 30 ದಿನಗಳ ಮೊದಲ ವಾರದಲ್ಲೇ, ಪಂಚಾಯತಿನ ಮೂಲಕ ಲಿಖಿತವಾಗಿ ಕೇಳಬೇಕು. ಸಭೆಯ ದಿನ ಎದ್ದು ನಿಂತು ಕೇಳಿದರೆ ಪ್ರತಿ ತಯಾರಿಸಲು ಸಮಯ ಇರುವುದಿಲ್ಲ.